ಒಮ್ಮೆ ಹೊರಗೆ ಕೊಟ್ಟ ಮೇಲೆ

ತಂಗಿ, ಕಮಲಾಪುರದಿಂದ ದಿನಾ ಬಸ್ಸು ಹತ್ತಿ ಕಲಬುರಗಿಗೆ ಬಂದು ಎಂಜಿನಿಯರಿಂಗ್ ಮುಗಿಸಿದವಳು ನೀನು. ಈಗ ಬೆಂಗಳೂರಿನ ಕಂಪನಿಯಲ್ಲಿ ಹತ್ತಾರು ತಂಡಗಳು ಬಳಸುವ ಲೈಬ್ರರಿಯೊಂದರ ಹೊಣೆ ನಿನ್ನ ಪಾಲಿಗೆ ಬಂದಿದೆ ಎಂದು ನಿಮ್ಮಪ್ಪ ಹೇಳಿದರು. ಅದರ ಕೋಡ್ ತೀರಾ ಹಳೆಯದು, ಹೆಸರುಗಳಿಗೆ ತಲೆಬುಡವಿಲ್ಲ, ಎಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟಬೇಕೆಂದು ನಿನಗೆ ಕೈ ತುರಿಸುತ್ತಿದೆ ಎಂದೂ ಹೇಳಿದರು. ಕೈ ತುರಿಸಲಿ. ಆ ಹುರುಪಿಲ್ಲದವರು ಈ ಕೆಲಸಕ್ಕೆ ಬರಬಾರದು. ಆದರೆ ಮೊದಲ ಸಾಲು ಅಳಿಸುವ ಮುಂಚೆ, ಈ ಊರಲ್ಲೇ ಕಂಪ್ಯೂಟರಿನ ಜೊತೆ ವಯಸ್ಸು ಕಳೆದವನ ಮಾತನ್ನು ಸ್ವಲ್ಪ ಕೇಳು.

ನಿನ್ನ ಲೈಬ್ರರಿಗೆ ಎರಡು ಭಾಗವಿದೆ. ಒಳಗಿನದು ನಿನ್ನದು, ಅಲ್ಲಿ ಏನು ಬೇಕಾದರೂ ಮಾಡು. ಹೊರಗೆ ಕಾಣುವುದು ನಿನ್ನದಲ್ಲ. ಫಂಕ್ಷನ್ನಿನ ಹೆಸರು, ಅದು ಕೇಳುವ ವಿವರಗಳ ಸಾಲು, ಕೊಡುವ ಉತ್ತರ, ತಪ್ಪಾದಾಗ ಎರರ್ ಹೇಳುವ ರೀತಿ, ಡಿಸ್ಕಿನ ಮೇಲೆ ಬರೆಯುವ ಫೈಲಿನ ರೂಪ, ಇವೆಲ್ಲ ಅದನ್ನು ನಂಬಿ ತಮ್ಮ ಪ್ರೋಗ್ರಾಮ್ ಬರೆದವರ ಸೊತ್ತು. ಇಂಟರ್ಫೇಸ್ ಎಂದರೆ ಇದೇ. ಕಾಲೇಜಿನಲ್ಲಿ ಅದನ್ನು ಒಂದು ವ್ಯಾಖ್ಯೆಯಾಗಿ ಬರೆಸಿರುತ್ತಾರೆ. ಕೆಲಸದಲ್ಲಿ ಅದು ನೀನು ಮುಖ ನೋಡದ ಜನರಿಗೆ ಕೊಟ್ಟ ಮಾತು.

ಕೆಳಗಿರುವ ಆಪರೇಟಿಂಗ್ ಸಿಸ್ಟಂ ನಿಂತಲ್ಲಿ ನಿಲ್ಲುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಪ್ರತಿ ಸಲವೂ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಡಿಟಿಪಿ ಅಂಗಡಿಯಿಂದ ಹಿಡಿದು ದೊಡ್ಡ ಕಚೇರಿಯವರೆಗೆ ಒಂದೇ ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಹೊಸದರಲ್ಲಿ ಓಡುತ್ತದಾ? 64 ಬಿಟ್ ವಿಂಡೋಸಿನಲ್ಲಿ ಹಳೆಯ 16 ಬಿಟ್ ಪ್ರೋಗ್ರಾಮ್ ಓಡುವುದೇ ಇಲ್ಲ. ಹಾಗಾಗಿ ಎಷ್ಟೋ ಅಂಗಡಿಯವರು ಹೊಸ ಕಂಪ್ಯೂಟರ್ ಕೊಂಡ ಮೇಲೂ ಹಳೆಯದನ್ನು ಮೂಲೆಯಲ್ಲಿ ಇಟ್ಟುಕೊಂಡಿದ್ದರು. ಹೊಸದು ಬೇಡವೆಂಬ ಹಟದಿಂದ ಅಲ್ಲ, ಲಗ್ನಪತ್ರಿಕೆಯ ಮಾದರಿಗಳು ಹಳೆಯದರಲ್ಲಷ್ಟೇ ತೆರೆಯುತ್ತಿದ್ದವು ಎಂಬ ಕಾರಣಕ್ಕೆ. ಕೆಳಗಿನದು ಸರಿದಾಡುವಾಗ ಮೇಲಿನವರಿಗೆ ಅದರ ಬಿಸಿ ತಟ್ಟದಂತೆ ನೋಡುವುದೇ ನಡುವೆ ಕೂತ ನಿನ್ನ ಕೆಲಸ.

ಹೆಸರಿನ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ನೀನು ಮೊದಲು ಕೈ ಹಾಕುವುದೇ ಅದಕ್ಕೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಬದಲಾದಾಗ ಗುಲಬರ್ಗಾ ಕಲಬುರಗಿ ಆಯಿತು. ನಾವು ಮನೆಯಲ್ಲಿ ಮೊದಲಿನಿಂದಲೂ ಕಲಬುರಗಿ ಅಂತಲೇ ಅನ್ನುತ್ತಿದ್ದೆವು. ಸರ್ಕಾರದ ಕಾಗದ ಜನರ ಬಾಯಿಗೆ ಬಂದು ಸೇರಿತು, ನನಗೆ ಬಹಳ ಸಂತೋಷವಾಯಿತು. ಆದರೆ ಅಂದು ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಎಂಜಿನಿಯರ್ ಕಣ್ಣಿನಿಂದ ನೋಡು. ವಾಹನ ನೋಂದಣಿಯ ಕೆಎ 32 ಹಾಗೇ ಉಳಿಯಿತು. ಫೋನಿನ 08472 ಹಾಗೇ. ಪಿನ್ ಕೋಡ್ 585101 ಹಾಗೇ. ಲೋಕಸಭಾ ಕ್ಷೇತ್ರಕ್ಕೆ ಇಂದಿಗೂ ಗುಲಬರ್ಗಾ ಎಂದೇ ಹೆಸರು. 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವೂ ಗುಲಬರ್ಗಾ ವಿಶ್ವವಿದ್ಯಾಲಯವಾಗಿಯೇ ಇದೆ. ರೈಲು ನಿಲ್ದಾಣದ ಸಂಕೇತವನ್ನು ಮಾತ್ರ ಜಿಆರ್‌ನಿಂದ ಕೆಎಲ್‌ಬಿಜಿ ಎಂದು ಬದಲಿಸಿದರು. ವಿಮಾನ ನಿಲ್ದಾಣದ್ದು ಇನ್ನೂ ಗಮನಿಸಬೇಕಾದ್ದು. ಅದು ಶುರುವಾದದ್ದು 2019ರ ನವೆಂಬರ್ 22ರಂದು, ಊರಿನ ಹೆಸರು ಬದಲಾಗಿ ಐದು ವರ್ಷವಾದ ಮೇಲೆ. ಆದರೂ ಟಿಕೆಟ್ಟಿನ ಮೇಲೆ ಅಚ್ಚಾಗುವ ಮೂರಕ್ಷರ ಜಿಬಿಐ, ಹಳೆಯ ಹೆಸರಿನ ಗುರುತು.

ಇದರಲ್ಲಿ ಯಾವುದು ಸದ್ದಿಲ್ಲದೆ ಉಳಿಯಿತು ನೋಡಿದೆಯಾ? ಬರೀ ಸಂಖ್ಯೆಗಳು. 32 ಎಂಬ ಅಂಕಿಯಲ್ಲಿ ಊರಿನ ಹೆಸರು ಅಡಗಿಲ್ಲ, ಆದ್ದರಿಂದ ಊರಿನ ಹೆಸರು ಬದಲಾದರೆ ಅದಕ್ಕೇನೂ ಆಗುವುದಿಲ್ಲ. ಹೆಸರಿನಿಂದ ಹುಟ್ಟಿದ ಸಂಕೇತಗಳಿಗೆ ಮಾತ್ರ ಪ್ರಶ್ನೆ ಎದ್ದಿತು: ಬದಲಿಸಬೇಕೋ, ಬಿಡಬೇಕೋ? ಒಂದು ಕಡೆ ಬದಲಾಯಿತು, ಒಂದು ಕಡೆ ಇಲ್ಲ. ನೀನು ಒಂದು ವಸ್ತುವಿಗೆ ಗುರುತಿನ ಸಂಖ್ಯೆ ಕೊಡುವಾಗ ಅದರೊಳಗೆ ಅರ್ಥ ತುಂಬಬೇಡ. ಅರ್ಥ ಬದಲಾಗುತ್ತದೆ, ಗುರುತು ಬದಲಾಗಕೂಡದು.

ನಿಮ್ಮೂರಿನ ಮಟ್ಟಿಗೆ ಇದು ಇನ್ನೂ ಹತ್ತಿರದ ಮಾತು. ಕಮಲಾಪುರ ಮೊದಲು ಕಲಬುರಗಿ ತಾಲೂಕಿನ ಹೋಬಳಿ, ಈಗ ತಾನೇ ತಾಲೂಕು. ನಿಮ್ಮಜ್ಜನ ಕಾಲದ ಕಾಗದಗಳಲ್ಲಿ ಜಿಲ್ಲೆ ಗುಲಬರ್ಗಾ, ತಾಲೂಕು ಗುಲಬರ್ಗಾ. ನಿಮ್ಮಪ್ಪನ ಕೆಲವು ಕಾಗದಗಳಲ್ಲಿ ಜಿಲ್ಲೆ ಕಲಬುರಗಿ, ತಾಲೂಕು ಕಲಬುರಗಿ. ನಿನ್ನದರಲ್ಲಿ ಜಿಲ್ಲೆ ಕಲಬುರಗಿ, ತಾಲೂಕು ಕಮಲಾಪುರ. ಹೊಲ ಅದೇ, ಮನೆ ಅದೇ, ಸರ್ವೆ ನಂಬರ್ ಅದೇ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಂಥ ದಾಖಲೆಯನ್ನು ಯಾರಾದರೂ ಜಿಲ್ಲೆ, ತಾಲೂಕು, ಹಳ್ಳಿಗಳ ಹೆಸರನ್ನು ಪೋಣಿಸಿ ಹುಡುಕುವಂತೆ ಪ್ರೋಗ್ರಾಮ್ ಬರೆದಿದ್ದರೆ ಅದು ಕೆಲವೇ ವರ್ಷಗಳಲ್ಲಿ ಎರಡು ಸಲ ಕೈಕೊಡುತ್ತಿತ್ತು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಪ್ರತಿ ಹಳ್ಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವುದು ಇಂಥ ಕಷ್ಟ ಕಂಡೇ. ನಮ್ಮ ಕಡೆಯ ಹುಡುಗನೊಬ್ಬ ಆನ್‌ಲೈನ್ ಅರ್ಜಿಯೊಂದನ್ನು ತುಂಬುವಾಗ ಪ್ರಮಾಣಪತ್ರದಲ್ಲಿ ಗುಲಬರ್ಗಾ, ನಮೂನೆಯಲ್ಲಿ ಕಲಬುರಗಿ ಎಂದಿದ್ದಕ್ಕೆ ಎರಡೂ ತಾಳೆಯಾಗುತ್ತಿಲ್ಲ ಎಂದು ಅದು ತಿರಸ್ಕೃತವಾಗಿತ್ತು. ಕೊನೆಯ ದಿನ ಹತ್ತಿರ ಬಂದಿತ್ತು, ಮನೆಯಲ್ಲಿ ಎಲ್ಲರ ಜೀವ ಕೈಯಲ್ಲಿ. ಆ ಸಾಫ್ಟ್‌ವೇರ್ ಬರೆದವರು ಕೆಟ್ಟವರಲ್ಲ. ಹೆಸರನ್ನೇ ಗುರುತು ಎಂದುಕೊಂಡರು, ಹಳೆಯ ಹೆಸರನ್ನು ಹೊಸದರ ಪಕ್ಕ ಇಡಲು ಮರೆತರು. ಹಳೆಯದು, ಹೊಸದು ಎರಡೂ ಒಂದೇ ಊರು ಎಂದು ಹೇಳುವ ಒಂದು ಸಾಲಿನ ಪಟ್ಟಿ ಸಾಕಾಗಿತ್ತು.

ಕೊಟ್ಟ ಹೆಸರೇ ತಪ್ಪಾಗಿದ್ದರೆ? ಅದನ್ನಾದರೂ ತಿದ್ದಬಹುದಲ್ಲ ಎಂದು ನೀನು ಕೇಳುತ್ತೀ. ಇದಕ್ಕೆ ಉತ್ತರ ನಮ್ಮ ಅಕ್ಷರಮಾಲೆಯಲ್ಲೇ ಇದೆ.

ಸೇಡಂ ತಾಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ರಚನೆಯಾಯಿತು. ಆ ಕಾಲದ ಕನ್ನಡದಲ್ಲಿ ನಾವೀಗ ಕೈಬಿಟ್ಟಿರುವ ಒಂದು ಅಕ್ಷರವಿತ್ತು: ೞ. ನಾವು ಏಳು ಎಂದು ಬರೆಯುವುದು ಆಗ ಏೞು. ಭೌಗೋಳಿಕ ಗುರುತು ಪಡೆದ ನಿಮ್ಮೂರಿನ ಕೆಂಪು ಬಾಳೆಯನ್ನು ಆ ಕಾಲದವರು ಬರೆದಿದ್ದರೆ ಬಾೞೆ ಎಂದೇ ಬರೆಯುತ್ತಿದ್ದರು. ಯೂನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಜೊತೆಗೆ ಇಂಗ್ಲಿಷಿನಲ್ಲಿ ಒಂದು ಹೆಸರು. ಕನ್ನಡದ ೞ ಅಕ್ಷರಕ್ಕೆ ಸರಿಯಾದ ಸಂಖ್ಯೆಯೇನೋ ಸಿಕ್ಕಿತು, ಹೆಸರು ತಪ್ಪಿತು. ಅದನ್ನು ‘ಕನ್ನಡ ಲೆಟರ್ ಫಾ’ ಎಂದು ದಾಖಲಿಸಿದರು. ಫಾಕ್ಕೂ ೞಕ್ಕೂ ಯಾವ ಸಂಬಂಧವೂ ಇಲ್ಲ. ಇದೇ ಅಕ್ಷರದ ತಮಿಳು, ಮಲಯಾಳಂ ರೂಪಗಳ ಹೆಸರು ಸರಿಯಾಗಿಯೇ ಇದೆ.

ಕನ್ನಡಿಗರಿಗೆ ಇದು ನೋವಿನ ಸಂಗತಿ, ನನಗೂ ನೋವಾಯಿತು. ಆದರೂ ಯೂನಿಕೋಡಿನವರು ಆ ಹೆಸರನ್ನು ತಿದ್ದಿಲ್ಲ, ಮುಂದೆಯೂ ತಿದ್ದುವುದಿಲ್ಲ. ಅವರು ಮಾಡಿದ್ದು ಬೇರೆ. ತಪ್ಪು ಹೆಸರಿನ ಪಕ್ಕದಲ್ಲಿ ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬ ಸರಿ ಹೆಸರನ್ನು ಅಧಿಕೃತವಾಗಿ ಸೇರಿಸಿದರು. ಪರ್ಲ್, ಪೈಥಾನ್‌ನಂಥ ಭಾಷೆಗಳಲ್ಲಿ ಅಕ್ಷರವನ್ನು ಅದರ ಯೂನಿಕೋಡ್ ಹೆಸರಿನಿಂದಲೇ ಕರೆಯಬಹುದು. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಆ ತಪ್ಪು ಹೆಸರನ್ನು ನಂಬಿ ಬರೆದ ಪ್ರೋಗ್ರಾಮ್ ಇರಬಹುದು. ಹೆಸರು ತಿದ್ದಿದರೆ ಅದು ನಿಲ್ಲುತ್ತದೆ. ಪಕ್ಕದಲ್ಲಿ ಇನ್ನೊಂದು ಹೆಸರಿಟ್ಟರೆ ಅದೂ ಓಡುತ್ತದೆ, ಹೊಸದಾಗಿ ಬರೆಯುವವರಿಗೆ ಸರಿಯಾದದ್ದೂ ಸಿಗುತ್ತದೆ.

ಈ ಶಿಸ್ತು ಅವರಿಗೆ ಸುಮ್ಮನೆ ಬಂದದ್ದಲ್ಲ. 1996ರ 2.0 ಆವೃತ್ತಿಯಲ್ಲಿ ಕೊರಿಯಾದ ಹಂಗುಲ್ ಅಕ್ಷರಗಳನ್ನು ಅವು ಇದ್ದ ಜಾಗದಿಂದ ಎತ್ತಿ ಬೇರೆ ಕಡೆ ಇಟ್ಟರು. ಅಷ್ಟರೊಳಗೆ ಹಳೆಯ ಜಾಗದ ಸಂಖ್ಯೆಗಳಲ್ಲಿ ಬರೆದಿಟ್ಟ ಕೊರಿಯನ್ ಪಠ್ಯ ಹೊಸ ವ್ಯವಸ್ಥೆಯಲ್ಲಿ ಅರ್ಥ ಕಳೆದುಕೊಂಡಿತು. ಅದಾದ ಮೇಲೆ, ಒಮ್ಮೆ ಸಂಖ್ಯೆ ಕೊಟ್ಟ ಅಕ್ಷರವನ್ನು ಸರಿಸುವುದಿಲ್ಲ, ತೆಗೆಯುವುದಿಲ್ಲ, ಅದರ ಹೆಸರು ಬದಲಿಸುವುದಿಲ್ಲ ಎಂದು ನಿಯಮ ಮಾಡಿಕೊಂಡರು. ಬೆಳವಣಿಗೆ ನಿಂತಿತೇ? ಇಲ್ಲ. 2021ರ 14.0 ಆವೃತ್ತಿಯಲ್ಲಿ ಹಳಗನ್ನಡದ ನಕಾರಪೊಲ್ಲು ಸೇರಿತು. ಸೇರಿದ್ದು ಖಾಲಿ ಜಾಗದಲ್ಲಿ, ಇದ್ದ ಒಂದಕ್ಷರವನ್ನೂ ಅಲುಗಿಸದೆ. ಬೆಳೆಯಬೇಕೆಂದರೆ ಸೇರಿಸು, ಇದ್ದದ್ದನ್ನು ಕದಲಿಸಬೇಡ.

ಇಂಥ ಮಾತು ಯಾರೂ ಕೊಡದಿದ್ದ ಕಾಲ ಹೇಗಿತ್ತು ಎನ್ನುವುದನ್ನು ನಮ್ಮ ಪೀಳಿಗೆ ಅನುಭವಿಸಿದೆ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕೆಲವು ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ‘ನುಡಿ’ ತಂತ್ರಾಂಶವನ್ನು ಸಿದ್ಧಪಡಿಸಿತು. ಕನ್ನಡವನ್ನು ಕಂಪ್ಯೂಟರಿಗೆ ತಂದ ಇವರ ಋಣ ದೊಡ್ಡದು. ಆಗ ವಿಂಡೋಸಿನಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದ ಮೇಲೂ ಸಿ.ಡಿ. ಹಾಕಿ ಕನ್ನಡದ ಬೆಂಬಲವನ್ನು ಬೇರೆಯಾಗಿ ಏರಿಸಿಕೊಳ್ಳಬೇಕಿತ್ತು. ಹಾಗಾಗಿ ಎಲ್ಲರೂ ಹಿಡಿದದ್ದು ಒಂದೇ ದಾರಿ: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಕೂರಿಸುವುದು. ‘ಕನ್ನಡ’ ಎಂದು ಟೈಪಿಸಿದರೆ ಫೈಲಿನೊಳಗೆ ಹೋಗುತ್ತಿದ್ದದ್ದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅಂಥದ್ದೇ ಕೆಲವು. ಅದು ಕನ್ನಡ ಎಂದು ಹೇಳಲು ಇದ್ದ ಒಂದೇ ಸಾಕ್ಷಿ ಫಾಂಟಿನ ಹೆಸರು. ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ಆ ಸಾಕ್ಷಿಯೂ ಇಲ್ಲ. ಹುಡುಕಲು ಬರುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ, ಮೇಲ್ ಮಾಡಿದರೆ ಓದಲು ಬರುವುದಿಲ್ಲ.

ನಮ್ಮ ಭಾಗದಲ್ಲಿ ಹೀಗೆ ಎಷ್ಟು ಸ್ಮರಣ ಸಂಚಿಕೆ, ಎಷ್ಟು ಪಿಎಚ್.ಡಿ. ಪ್ರಬಂಧ, ಎಷ್ಟು ಜಾತ್ರೆಯ ಕರಪತ್ರ ಸಿ.ಡಿ.ಗಳಲ್ಲಿ ಉಳಿದುಹೋಗಿವೆಯೋ. ನೆನೆದರೆ ಹೊಟ್ಟೆ ಉರಿಯುತ್ತದೆ. ಒಂದು ಮುದ್ರಣಾಲಯದಲ್ಲಿ ಪುಸ್ತಕದ ಮರುಮುದ್ರಣಕ್ಕೆಂದು ಹಳೆಯ ಫೈಲ್ ತೆರೆದರೆ ಒಂದು ಸಾಲೂ ಓದಲಾಗಲಿಲ್ಲ. ಅದನ್ನು ತಯಾರಿಸಿದ ಖಾಸಗಿ ಪ್ಯಾಕೇಜು ಹೊಸ ವಿಂಡೋಸಿನಲ್ಲಿ ಏರುತ್ತಿರಲಿಲ್ಲ, ಅದರ ಅಕ್ಷರ ಸಂಕೇತದ ಪಟ್ಟಿ ಎಲ್ಲೂ ಪ್ರಕಟವಾಗಿರಲಿಲ್ಲ. ಅಚ್ಚಾದ ಪ್ರತಿಯನ್ನು ಮುಂದಿಟ್ಟುಕೊಂಡು ಇಡೀ ಪುಸ್ತಕವನ್ನು ಮತ್ತೆ ಟೈಪು ಮಾಡಿಸಿದರು. ನುಡಿ, ಬರಹಗಳ ಕಡತಗಳಿಗೆ ಈ ಗತಿ ಬರಲಿಲ್ಲ. ಅವುಗಳಲ್ಲಿ ಯಾವ ಸಂಕೇತಕ್ಕೆ ಯಾವ ತುಣುಕು ಎಂಬುದು ತಿಳಿದಿತ್ತು. ಆದ್ದರಿಂದ ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳನ್ನು ಉತ್ಸಾಹಿಗಳು ಬರೆದು ಉಚಿತವಾಗಿ ಹಂಚಿದರು. ವಚನ ಸಂಚಯದಂಥ ಕೆಲಸದಲ್ಲಿ ಸಾವಿರಾರು ವಚನಗಳು ಹಳೆಯ ಸಂಕೇತದಿಂದ ಯೂನಿಕೋಡಿಗೆ ಬಂದು, ಇಂದು ಒಂದು ಪದ ಕೊಟ್ಟರೆ ಅದಿರುವ ವಚನಗಳೆಲ್ಲ ಎದುರಿಗೆ ಬರುತ್ತವೆ. ನಿನ್ನ ಲೈಬ್ರರಿ ಡಿಸ್ಕಿಗೆ ಏನನ್ನಾದರೂ ಬರೆಯುತ್ತಿದ್ದರೆ ಆ ಫೈಲಿನ ರೂಪವನ್ನು ಇಂದೇ ಬರೆದು ಎಲ್ಲರಿಗೂ ಸಿಗುವಂತೆ ಇಡು. ನೀನು ಕಂಪನಿ ಬಿಟ್ಟರೂ, ಕಂಪನಿಯೇ ಮುಚ್ಚಿದರೂ ಬೇರೆಯವರು ಅದನ್ನು ಓದಬಲ್ಲವರಾಗಬೇಕು.

ಅದೇ ಕಾಲದ ಒಂದು ಸಂಗತಿ ಮಾತ್ರ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಕೀಲಿ ಒತ್ತಬೇಕು; ಕ, ಎಫ್, ಕ ಒತ್ತಿದರೆ ಕ್ಕ. ನುಡಿಯಲ್ಲಿ ಹೀಗೆ ಕಲಿತವರ ಬೆರಳು ಲಿನಕ್ಸಿಗೆ ಹೋದರೂ ತಡವರಿಸುವುದಿಲ್ಲ, ಅಲ್ಲಿ ‘ಕಗಪ’ ಎಂಬ ಹೆಸರಿನಲ್ಲೇ ಅದು ಸಿಗುತ್ತದೆ. ಕೆಳಗೆ ಡಿಸ್ಕಿಗೆ ಹೋಗುವ ಸಂಕೇತ ಪೂರ್ತಿ ಬದಲಾಯಿತು, ಫಾಂಟ್ ಬದಲಾಯಿತು, ಆಪರೇಟಿಂಗ್ ಸಿಸ್ಟಂ ಬದಲಾಯಿತು. ಮಿನಿ ವಿಧಾನಸೌಧದ ಟೈಪಿಸ್ಟಿಗೆ ಮಾತ್ರ ಏನೂ ಬದಲಾದಂತೆ ಅನಿಸಲಿಲ್ಲ. ಇಂಟರ್ಫೇಸ್ ಉಳಿಸುವುದು ಎಂದರೆ ಇದು. ಇದಕ್ಕಿಂತ ಒಳ್ಳೆಯ ಉದಾಹರಣೆ ನಿನಗೆ ಪಠ್ಯಪುಸ್ತಕದಲ್ಲಿ ಸಿಗಲಾರದು.

ಒತ್ತಕ್ಷರದ ಮಾತು ಬಂತಲ್ಲ, ಅದರದ್ದೇ ಇನ್ನೊಂದು ವಿಷಯವನ್ನು ನಿನ್ನಂಥವರು ತಿಳಿದಿರಬೇಕು. ಓಪನ್‌ಟೈಪ್ ಫಾಂಟಿನೊಳಗೆ ಕನ್ನಡಕ್ಕೆ ಎರಡು ಗುರುತುಪಟ್ಟಿಗಳಿವೆ: ಹಳೆಯದು ‘ಕೆಎನ್‌ಡಿಎ’, ಹೊಸದು ‘ಕೆಎನ್‌ಡಿ2’. ಮೊದಲ ನಿಯಮದಲ್ಲಿ ಒತ್ತಕ್ಷರ ರೂಪಿಸುವಾಗ ವ್ಯಂಜನ ಮೊದಲು, ಹಲಂತ ಆಮೇಲೆ ಎಂಬ ಕ್ರಮವಿತ್ತು. ಮುಂದೆ ಹಲಂತ ಮೊದಲು, ವ್ಯಂಜನ ಆಮೇಲೆ ಎಂಬ ಕ್ರಮವೇ ಸರಿ ಎಂದು ಕಂಡಿತು. ಹಳೆಯ ಗುರುತಿನ ಅರ್ಥವನ್ನೇ ತಿರುಗಿಸಿದ್ದರೆ ಅಲ್ಲಿಯವರೆಗೆ ಮಾಡಿದ ಕನ್ನಡ ಫಾಂಟುಗಳಲ್ಲಿ ಒತ್ತಕ್ಷರಗಳೆಲ್ಲ ಕೆಡುತ್ತಿದ್ದವು. ಅವರು ಹಾಗೆ ಮಾಡದೆ ಹೊಸ ಕ್ರಮಕ್ಕೆ ಹೊಸ ಗುರುತು ಕೊಟ್ಟರು. ಹಾರ್ಫ್‌ಬಜ್‌ನಂಥ ಅಕ್ಷರ ಮೂಡಿಸುವ ಎಂಜಿನ್ ಇಂದಿಗೂ ಎರಡನ್ನೂ ಓದುತ್ತದೆ. ಹಳೆಯ ಫಾಂಟ್ ಹಾಕಿದರೂ ಅಕ್ಷರ ಸರಿಯಾಗಿ ಮೂಡುತ್ತದೆ. ಅರ್ಥ ಬದಲಾಯಿತೆಂದರೆ ಹೆಸರೂ ಹೊಸದಾಗಲಿ. ಹಳೆಯ ಹೆಸರಿನೊಳಗೆ ಹೊಸ ನಡವಳಿಕೆ ತುರುಕುವುದು ನನ್ನ ಪ್ರಕಾರ ಈ ಕಸುಬಿನಲ್ಲಿ ಮಾಡಬಾರದ ಮೊದಲ ಕೆಲಸ. ಪ್ರೋಗ್ರಾಮ್ ನಿಂತುಹೋದರೆ ಬಳಸುವವರಿಗೆ ಕೂಡಲೇ ಗೊತ್ತಾಗುತ್ತದೆ. ಸುಮ್ಮನೆ ತಪ್ಪು ಉತ್ತರ ಕೊಡುತ್ತಾ ಹೋದರೆ ಗೊತ್ತಾಗುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ.

ನೀನು ಬರೆದುಕೊಡದ ಮಾತನ್ನೂ ಜನ ನಂಬುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿ. 2010ರ ಕೊನೆಯಲ್ಲಿ ಫೆಡೋರಾ ಲಿನಕ್ಸಿನಲ್ಲಿ, ಬ್ರೌಸರಿನಲ್ಲಿ ಹಾಡು, ವಿಡಿಯೊ ನುಡಿಸುತ್ತಿದ್ದ ಫ್ಲ್ಯಾಶ್‌ನಿಂದ ಬರುವ ಧ್ವನಿ ಕರಕರ ಎನ್ನತೊಡಗಿತು. ಮೆಮೊರಿಯ ಒಂದು ಭಾಗವನ್ನು ಇನ್ನೊಂದಕ್ಕೆ ನಕಲು ಮಾಡುವ ಮೆಮ್‌ಕಾಪಿ ಎಂಬ ಫಂಕ್ಷನ್ನನ್ನು ಸಿ ಲೈಬ್ರರಿಯವರು ವೇಗಗೊಳಿಸಿದ್ದರು. ಎರಡು ಭಾಗಗಳು ಒಂದರ ಮೇಲೊಂದು ಹಾಯ್ದಿದ್ದರೆ ಅದನ್ನು ಬಳಸಕೂಡದು ಎಂದು ನಿಯಮದಲ್ಲಿ ಮೊದಲೇ ಇತ್ತು. ಫ್ಲ್ಯಾಶ್ ಹಾಗೆ ಬಳಸಿತ್ತು, ಅಷ್ಟು ವರ್ಷ ಹೇಗೋ ನಡೆದಿತ್ತು. ಕರಾರಿನ ಪ್ರಕಾರ ತಪ್ಪು ಫ್ಲ್ಯಾಶಿನದೇ. ಆದರೆ ಹಾಡು ಕೇಳುವ ಮನುಷ್ಯನಿಗೆ ಆ ಕರಾರು ಏಕೆ ಬೇಕು? ನಿನ್ನೆ ಕೇಳುತ್ತಿತ್ತು, ಇಂದು ಕೆಟ್ಟಿದೆ, ಅವನಿಗೆ ಗೊತ್ತಿರುವುದು ಇಷ್ಟೇ. ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಬಳಕೆದಾರನ ಪರ ನಿಂತು ವಾದಿಸಿದರು. 2011ರ 2.14 ಆವೃತ್ತಿಯಲ್ಲಿ ಲೈಬ್ರರಿಯವರು ಆ ಫಂಕ್ಷನ್ನಿಗೆ ಎರಡು ವರ್ಷನ್ ಇಟ್ಟರು. ಹಳೆಯ ಪ್ರೋಗ್ರಾಮುಗಳಿಗೆ ಹಳೆಯ ಸುರಕ್ಷಿತ ನಡವಳಿಕೆ, ಹೊಸದಾಗಿ ಕಂಪೈಲ್ ಮಾಡಿದವಕ್ಕೆ ಹೊಸ ವೇಗ. ನನಗೆ ಇದು ಬಳಕೆದಾರನ ಪರ ಬಂದ ತೀರ್ಪಿನಂತೆಯೇ ಕಾಣುತ್ತದೆ.

ಕನ್ನಡದಲ್ಲೂ ಇಂಥ ಕಾಣದ ಕರಾರುಗಳಿವೆ. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರದ ಪಕ್ಕದಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಕೂತಿರುತ್ತದೆ. ಅದನ್ನು ತೆಗೆದರೆ ರಕಾರ ಅರ್ಕಾವತ್ತಾಗಿ ಪಕ್ಕಕ್ಕೆ ಸರಿದು ‘ರ್ಯಾಂಕ್’ ಆಗುತ್ತದೆ. ಪಠ್ಯವನ್ನು ಶುಚಿಗೊಳಿಸುತ್ತೇನೆ ಎಂದು ಕಾಣದ ಸಂಕೇತಗಳನ್ನೆಲ್ಲ ಉಜ್ಜಿ ತೆಗೆಯುವ ಪ್ರೋಗ್ರಾಮುಗಳು ಹೀಗೆ ಎಷ್ಟೋ ಕನ್ನಡ ಪದಗಳನ್ನು ಕೆಡಿಸಿವೆ. ಹಾಗೆಯೇ ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ತುಣುಕುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಆಪಲ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ ‘ಕೋಟೆ’ ಎಂಬ ಫೈಲನ್ನು ವಿಂಡೋಸಿನಲ್ಲಿ ಟೈಪಿಸಿದ ‘ಕೋಟೆ’ಯೊಂದಿಗೆ ಹೋಲಿಸಿದರೆ ಕಂಪ್ಯೂಟರ್ ಬೇರೆ ಬೇರೆ ಎನ್ನುತ್ತದೆ. ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರುವ ಪದ್ಧತಿ ಇದೆ, ಅದನ್ನು ಬಳಸು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ನೀನು ಕನ್ನಡದಲ್ಲಿ ಪರೀಕ್ಷೆ ಮಾಡು. ನಿನ್ನ ತಂಡದಲ್ಲಿ ಬೇರೆ ಯಾರಿಗೂ ಇರದ ಅನುಕೂಲ ಅದು.

ಹಾಗಾದರೆ ಏನನ್ನೂ ಮುಟ್ಟಬಾರದೇ? ನಾನು ಹಾಗೆ ಹೇಳುತ್ತಿಲ್ಲ. ಲಿನಕ್ಸ್ ಕರ್ನಲ್ಲನ್ನೇ ನೋಡು. ಬಳಕೆದಾರನ ಪ್ರೋಗ್ರಾಮ್ ಕರೆಯುವ ಸಿಸ್ಟಂ ಕಾಲ್‌ಗಳನ್ನು ಅಲ್ಲಿ ಮುರಿಯುವಂತಿಲ್ಲ, ಅದು ಕಟ್ಟಾಜ್ಞೆ. ಅದೇ ಕರ್ನಲ್ಲಿನ ಒಳಗೆ ಡ್ರೈವರುಗಳು ಬಳಸುವ ಫಂಕ್ಷನ್ನುಗಳನ್ನು ಯಾವಾಗ ಬೇಕಾದರೂ ಬದಲಿಸುತ್ತಾರೆ, ಅವಕ್ಕೆ ಸ್ಥಿರತೆಯ ಭರವಸೆ ಇಲ್ಲವೆಂದು ಬರೆದೇ ಇಟ್ಟಿದ್ದಾರೆ. ಒಳಗಿನ ಆ ಸ್ವಾತಂತ್ರ್ಯದಿಂದಲೇ ಹೊರಗಿನ ಮಾತು ಉಳಿಸಿಕೊಳ್ಳಲು ಅವರಿಗೆ ಸಾಧ್ಯವಾಗಿದೆ. ಆದ್ದರಿಂದ ಹೊರಗೆ ಕೊಡುವುದು ಕಡಿಮೆ ಇರಲಿ. ಇವತ್ತು ಯಾರೂ ಕೇಳದ ಫಂಕ್ಷನ್ನನ್ನು ಮುಂದೆ ಬೇಕಾದೀತು ಎಂದು ಹೊರಗೆ ತೆರೆದಿಡಬೇಡ. ತೆರೆದ ದಿನದಿಂದ ಅದನ್ನು ಸಾಕುವ ಹೊಣೆ ನಿನ್ನದು, ನಿನ್ನ ಜಾಗಕ್ಕೆ ಬರುವವರದು.

ಹಳೆಯದನ್ನು ಕೈಬಿಡಲೇಬೇಕಾದ ಸಂದರ್ಭಗಳೂ ಇವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ಎಸ್‌ಎಂಬಿ 1 ಎಂಬ ಹಳೆಯ ಫೈಲ್ ಹಂಚಿಕೆ ಪದ್ಧತಿಯಲ್ಲಿದ್ದ ದೋಷದ ಮೂಲಕ. ಹೊಂದಾಣಿಕೆಗೆಂದು ಉಳಿಸಿಕೊಂಡಿದ್ದ ಬಾಗಿಲಿನಲ್ಲೇ ಕಳ್ಳ ನುಗ್ಗಿದ. ಸುರಕ್ಷತೆಯ ಪ್ರಶ್ನೆ ಬಂದಾಗ ಹಿಂದುಮುಂದು ನೋಡದೆ ಮುಚ್ಚು, ಆದರೆ ಹೇಳಿ ಮುಚ್ಚು. ಪೈಥಾನ್ 3 ಬಂದದ್ದು 2008ರಲ್ಲಿ, ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಮೊದಲು 2015 ಎಂದಿದ್ದ ಗಡುವನ್ನು ಜನ ಇನ್ನೂ ದಾಟಿ ಬಂದಿಲ್ಲವೆಂದು ಮುಂದೂಡಿದ್ದರು. ಆ ಬದಲಾವಣೆಗೆ ನ್ಯಾಯವಾದ ಕಾರಣವಿತ್ತು. ಪೈಥಾನ್ 2ರಲ್ಲಿ ಕನ್ನಡದಂಥ ಪಠ್ಯ ಬಳಸಿದವರಿಗೆಲ್ಲ ಎರರುಗಳ ಕಾಟ ಗೊತ್ತು. ನ್ಯಾಯವಿದ್ದರೂ ಹನ್ನೊಂದು ವರ್ಷ ಹಿಡಿಯಿತು ಎಂಬುದನ್ನು ಮರೆಯಬೇಡ.

ಮುಂದೆ ಬರುವುದು ಇದಕ್ಕಿಂತ ದೊಡ್ಡದು, ನಿನ್ನ ಸೇವೆಯ ಅವಧಿಯಲ್ಲೇ ಬರುತ್ತದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುವ ವ್ಯವಸ್ಥೆಗಳ ಲೆಕ್ಕ 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಸಮಯದ ಅಳತೆಯನ್ನು 64 ಬಿಟ್‌ಗೆ ಹಿಗ್ಗಿಸಿದರೆ ಅದನ್ನು ಬಳಸುವ ಪ್ರತಿ ಲೈಬ್ರರಿಯ ಇಂಟರ್ಫೇಸ್ ಮುರಿಯುತ್ತದೆ. ಡೆಬಿಯನ್ ಲಿನಕ್ಸಿನ ಸ್ವಯಂಸೇವಕರು ಇದನ್ನು ಹೇಗೆ ನಿಭಾಯಿಸಿದರು ಎಂದು ಓದು. 2025ರ ಡೆಬಿಯನ್ 13ರಲ್ಲಿ 32 ಬಿಟ್ ಆರ್ಮ್ ಯಂತ್ರಗಳಿಗೆ ಬದಲಾವಣೆ ತಂದರು. ಇದರಿಂದ ಬದಲಾದ ಲೈಬ್ರರಿಗಳ ಪ್ಯಾಕೇಜ್ ಹೆಸರಿನ ಕೊನೆಗೆ ‘ಟಿ64’ ಎಂದು ಸೇರಿಸಿದರು, ಹಳೆಯದೂ ಹೊಸದೂ ಬೆರೆತು ಗೊಂದಲವಾಗದಿರಲೆಂದು. ಹಳೆಯ 32 ಬಿಟ್ ಪಿಸಿಗಳ ಆವೃತ್ತಿಯನ್ನು ಮಾತ್ರ ಬದಲಿಸದೆ ಬಿಟ್ಟರು, ಹಳೆಯ ಪ್ರೋಗ್ರಾಮುಗಳನ್ನು ಓಡಿಸುವುದೇ ಇಂದು ಅದರ ಮುಖ್ಯ ಉಪಯೋಗ ಎಂದು. ಒಂದೇ ಸಮಸ್ಯೆಗೆ ಎರಡು ಕಡೆ ಎರಡು ನಿರ್ಧಾರ, ಎರಡೂ ಬಳಸುವವರನ್ನು ನೋಡಿ ಮಾಡಿದ್ದು. ಹಟವಿಲ್ಲದ ಎಂಜಿನಿಯರಿಂಗ್ ಅಂದರೆ ಇದೇ.

ನಿನ್ನ ಲೈಬ್ರರಿಯ ಹೆಸರುಗಳು ಚೆನ್ನಾಗಿಲ್ಲ ಎನ್ನುತ್ತೀಯಲ್ಲ, ಒಳ್ಳೆಯ ಹೆಸರುಗಳನ್ನು ಪಕ್ಕದಲ್ಲಿ ಸೇರಿಸು. ಹಳೆಯ ಹೆಸರು ಹೊಸದನ್ನೇ ಕರೆಯಲಿ. ಹಳೆಯದನ್ನು ಬಳಸಿದವರಿಗೆ ಕಂಪೈಲ್ ಮಾಡುವಾಗ ಒಂದು ಎಚ್ಚರಿಕೆ ಬರಲಿ. ಅದರಲ್ಲಿ ಬೈಗುಳ ಬೇಡ, ಬದಲಿಗೆ ಏನು ಬಳಸಬೇಕು ಎಂಬುದಿರಲಿ. ಯಾರು ಯಾವುದನ್ನು ಕರೆಯುತ್ತಿದ್ದಾರೆ ಎಂದು ಹುಡುಕಿ, ಆ ತಂಡಗಳ ಬಳಿ ನೀನೇ ಹೋಗಿ ಮಾತಾಡು, ಸಾಧ್ಯವಿದ್ದರೆ ಅವರ ಕೋಡಿನ ಬದಲಾವಣೆಯನ್ನೂ ನೀನೇ ಮಾಡಿಕೊಡು. ಕೊನೆಯ ಕರೆಯುವವರು ದಾಟಿದ ಮೇಲೆ ತೆಗೆದುಹಾಕು, ಅಲ್ಲಿಯವರೆಗೆ ಕಾಯುವ ತಾಳ್ಮೆ ಇರಲಿ. ಮ್ಯಾನೇಜರು ಇದನ್ನು ಕೆಲಸವೆಂದು ಲೆಕ್ಕ ಹಿಡಿಯದಿರಬಹುದು. ಏನೂ ಕೆಡದಿದ್ದಾಗ ಯಾರೂ ಹೊಗಳುವುದಿಲ್ಲ. ಅದಕ್ಕೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡ.

ಸೋಮವಾರ ಆಫೀಸಿಗೆ ಹೋದ ಕೂಡಲೇ ಒಂದು ಕೆಲಸ ಮಾಡು, ತಂಗಿ. ನಿನ್ನ ಲೈಬ್ರರಿಯ ಅತಿ ಹಳೆಯ ಆವೃತ್ತಿಗೆಂದು ಯಾರೋ ಬರೆದ ಒಂದು ಪ್ರೋಗ್ರಾಮ್, ಆ ಕಾಲದ ಒಂದು ಡೇಟಾ ಫೈಲ್, ಕನ್ನಡದ ಒಂದು ಪುಟ, ಈ ಮೂರನ್ನು ಹುಡುಕಿ ತೆಗೆದು ಪರೀಕ್ಷೆಗಳ ಜೊತೆ ಸೇರಿಸು. ಪ್ರತಿ ಬಿಡುಗಡೆಗೂ ಮುಂಚೆ ಅವನ್ನು ಓಡಿಸು. ಒಂದಾದರೂ ನಿಂತರೆ ಬಿಡುಗಡೆಯನ್ನೂ ನಿಲ್ಲಿಸು.